ಅಕ್ಕ ಒಲ್ಲೆನೆಂದ ಸ್ಕ್ಯಾನಿಂಗ್

೨೦೨೧ರ ಮೇ ತಿಂಗಳು. ಕೋವಿಡ್‌ನ ಎರಡನೇ ಅಲೆ ನಮ್ಮ ಯಾದಗಿರಿ ಜಿಲ್ಲೆಯ ಹಳ್ಳಿಗಳಿಗೆ ಇಳಿದಿತ್ತು. ನಾನು ಶಹಾಪುರದಲ್ಲಿ ಒಂದು ದಿನಪತ್ರಿಕೆಯ ವರದಿಗಾರ. ತಾಲ್ಲೂಕುವಾರು ಸೋಂಕಿತರೆಷ್ಟು, ಸತ್ತವರೆಷ್ಟು, ಆಮ್ಲಜನಕದ ಸಿಲಿಂಡರ್ ಬಂತೋ ಇಲ್ಲವೋ ಎಂದು ವಿಚಾರಿಸಿ ಬರೆದು ಕಳಿಸುವುದೇ ಆಗ ನನ್ನ ದಿನದ ಕೆಲಸ. ಬೇರೆ ಸುದ್ದಿ ಇರಲಿಲ್ಲ. ಇದ್ದರೂ ಯಾರಿಗೂ ಬೇಕಿರಲಿಲ್ಲ.

ನನ್ನ ಅಕ್ಕ ನೀಲಮ್ಮ ವನದುರ್ಗದ ಹತ್ತಿರದ ಒಂದು ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡಿದ್ದಳು. ಒಬ್ಬಳೇ ಮಗಳು ಗಂಗಾ, ಬೋನಾಳದ ಸೊಸೆ. ಆ ಹೊತ್ತಿಗೆ ಗಂಗಾ ಹಸಿ ಬಾಣಂತಿ. ಹೀಗಾಗಿ ಅಕ್ಕನಿಗೆ ಜ್ವರ ಬಂದಾಗ ಓಡಾಡಲು ಇದ್ದವನು ನಾನೊಬ್ಬನೇ.

ಜ್ವರ ಎಲ್ಲಿಂದ ಬಂತು ಎಂದು ಕೇಳುವಂತಿರಲಿಲ್ಲ. ಆ ತಿಂಗಳು ಅಕ್ಕ ಮನೆಮನೆಗೆ ಹೋಗಿ, ಆಕ್ಸಿಜನ್ ತೋರಿಸುವ ಪುಟ್ಟ ಮಷೀನನ್ನು ಜನರ ಬೆರಳಿಗೆ ಸಿಕ್ಕಿಸಿ ನೋಡುತ್ತಿದ್ದಳು. ತೊಂಬತ್ತನಾಲ್ಕಕ್ಕಿಂತ ಕಡಿಮೆ ಬಂದರೆ ಆಸ್ಪತ್ರೆಗೆ ಕಳಿಸು ಎಂದು ಅವಳಿಗೆ ಹೇಳಿಕೊಟ್ಟಿದ್ದರು. ಹಾಗೆ ಎಷ್ಟೋ ಜನರನ್ನು ಜಗಳಾಡಿ ಆಂಬ್ಯುಲೆನ್ಸ್ ಹತ್ತಿಸಿದ್ದಳು. ಅವಳ ಬೆರಳಿನ ನಂಬರ್ ತೊಂಬತ್ತೆರಡಕ್ಕೆ ಇಳಿದ ದಿನ ತಾನೇ ನನಗೆ ಫೋನ್ ಮಾಡಿ, "ತಮ್ಮಾ, ಈಗ ನನ್ನ ಪಾಳಿ. ಗಾಡಿ ತಗೊಂಡು ಬಾ" ಅಂದಳು. ದನಿಯಲ್ಲಿ ಗಾಬರಿ ಇರಲಿಲ್ಲ.

ಶಹಾಪುರದಲ್ಲಿ ಹಾಸಿಗೆ ಖಾಲಿ ಇರಲಿಲ್ಲ. ಯಾದಗಿರಿಯ ಒಂದು ಆಸ್ಪತ್ರೆಯಲ್ಲಿ ಸಿಕ್ಕಿತು. ಅದರ ಹೆಸರು ಇಲ್ಲಿ ಬೇಡ. ಅಲ್ಲಿಯವರು ತಮ್ಮಿಂದ ಆಗುವುದನ್ನೆಲ್ಲ ಮಾಡಿದರು ಎಂಬುದನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ.

ಹೆಣ್ಣುಮಕ್ಕಳ ವಾರ್ಡು ಉದ್ದನೆಯ ಹಾಲ್. ಯಾದಗಿರಿಯ ಬಿಸಿಲು ಗೊತ್ತಿದ್ದವರಿಗೆ ಆ ಹಾಲ್ ಹೇಗಿತ್ತು ಎಂದು ವಿವರಿಸಬೇಕಿಲ್ಲ. ಫ್ಯಾನುಗಳು ಬಿಸಿಗಾಳಿಯನ್ನೇ ತಿರುಗಿಸುತ್ತಿದ್ದವು. ರೋಗಿಗಳ ಕಡೆಯವರನ್ನು ಒಳಗೆ ಬಿಡಬಾರದು ಎಂಬ ನಿಯಮವಿತ್ತು. ಆದರೆ ನೀರು ಕುಡಿಸುವುದಕ್ಕೆ, ಬಚ್ಚಲಿಗೆ ಕರೆದೊಯ್ಯುವುದಕ್ಕೆ ಸಿಬ್ಬಂದಿ ಸಾಲದೆ ಒಬ್ಬೊಬ್ಬರನ್ನು ಬಿಟ್ಟಿದ್ದರು. ಎರಡು ಮಾಸ್ಕ್ ಹಾಕಿಕೊಂಡು, ರಟ್ಟಿನ ತುಂಡಿನಿಂದ ಗಾಳಿ ಹಾಕುತ್ತ ಹಾಸಿಗೆಗೊಬ್ಬರು ಕೂತಿರುತ್ತಿದ್ದೆವು. ಮಾತು ಕಡಿಮೆ. ಎಲ್ಲರ ಕಣ್ಣೂ ಬೆರಳಿನ ಮೇಲಿನ ಆ ಕೆಂಪು ಅಂಕಿಯ ಮೇಲೆ. ಊರಿನಿಂದ ಬರುವ ಫೋನಿನಲ್ಲೂ ಮೊದಲ ಪ್ರಶ್ನೆ ಅದೇ. ಗಂಗಾ ತಾಸಿಗೊಮ್ಮೆ ಫೋನ್ ಮಾಡಿ, "ಮಾಮಾ, ಅವ್ವಂದು ನಂಬರ್ ಎಷ್ಟದ?" ಎನ್ನುತ್ತಿದ್ದಳು.

ಅಕ್ಕನ ಪಕ್ಕದ ಹಾಸಿಗೆಯಲ್ಲಿ ಖಾಜಾಬಿ ಎಂಬ ಸುರಪುರದ ಹೆಂಗಸು ಇದ್ದಳು. ಹಳ್ಳಿಹಳ್ಳಿಗೆ ಬಳೆ ಮಾರುವವಳು. ಅಕ್ಕನ ವಯಸ್ಸಿನವಳೇ. ಇಡೀ ವಾರ್ಡಿನಲ್ಲಿ ಬಾಯಿ ತೆರೆದು ನಗುತ್ತಿದ್ದವಳು ಅವಳೊಬ್ಬಳೇ.

"ಏನ್ರೀ ಅಕ್ಕಾರ, ಇವತ್ತ ನಿಮ್ದೆಷ್ಟು?"

"ತೊಂಬತ್ಮೂರು. ನಿಮ್ದು?"

"ನಂದೂ ಅಷ್ಟ ನೋಡ್ರಿ. ಇಬ್ಬರೂ ಒಂದ ಕ್ಲಾಸಿನ್ಯಾಗ ಪಾಸ್!"

ಇಬ್ಬರಿಗೂ ಮೂಗಿಗೆ ಆಮ್ಲಜನಕದ ನಳಿಗೆ ಹಾಕಿದ್ದರು. ಇಬ್ಬರೂ ಎದ್ದು ಕೂತು ಚಹಾ ಕುಡಿಯುತ್ತಿದ್ದರು. ನೋಡಿದವರು ಇವರಿಬ್ಬರೂ ಎರಡು ದಿನದಲ್ಲಿ ಮನೆಗೆ ಹೋಗುತ್ತಾರೆ ಎನ್ನಬೇಕು, ಹಾಗಿದ್ದರು.

ವಾರ್ಡಿನ ವೈದ್ಯರ ಹೆಸರು ಡಾ. ಪ್ರಶಾಂತ. ಹಾಸನದ ಕಡೆಯವರು, ಇನ್ನೂ ಮೂವತ್ತು ದಾಟಿರಲಿಲ್ಲ. ಒಂದು ಬೆಳಿಗ್ಗೆ ಅವರೂ ಸಿಸ್ಟರ್ ಸುವರ್ಣಾ ಅವರೂ ಗಾಲಿಯ ಮೇಲಿನ ಒಂದು ಯಂತ್ರವನ್ನು ತಳ್ಳಿಕೊಂಡು ವಾರ್ಡಿಗೆ ಬಂದರು. ನೋಡಿದ ತಕ್ಷಣ ಹೆಂಗಸರೆಲ್ಲ ಅದನ್ನು ಗುರುತಿಸಿದರು. ಬಸುರಿಯರಿಗೆ ಸ್ಕ್ಯಾನಿಂಗ್ ಮಾಡುವ ಯಂತ್ರ. ಅದರ ಬದಿಗೆ, ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ, ಅದು ಶಿಕ್ಷಾರ್ಹ ಅಪರಾಧ ಎಂಬ ಚೀಟಿ ಇನ್ನೂ ಅಂಟಿಕೊಂಡಿತ್ತು. ಆ ಕಾನೂನಿನ ಕಾರಣಕ್ಕೆ ಇಂಥ ಯಂತ್ರವನ್ನು ಅದರ ಕೋಣೆಯಿಂದ ಆಚೆ ತರುವುದಕ್ಕೂ ಅನುಮತಿ ಬೇಕು. ಡಾಕ್ಟರು ಅದನ್ನು ಪಡೆದುಕೊಂಡೇ ತಂದಿದ್ದರು.

ಇದು ಯಾಕೆ ಎಂದು ಕೇಳಿದೆ. ಕೇಳುವುದು ನನ್ನ ಅಭ್ಯಾಸ. ಅವರು ಬೇಸರಪಡದೆ ಹೇಳಿದರು: "ಬೆರಳಿನ ನಂಬರ್ ನಂಬಿ ಮೋಸ ಹೋಗ್ತಾ ಇದೀವಿ ಸರ್. ಒಳಗೆ ಶ್ವಾಸಕೋಶ ಹಾಳಾಗ್ತಾ ಇದ್ರೂ ನಂಬರ್ ಚೆನ್ನಾಗೇ ಇರುತ್ತೆ, ಆಮೇಲೆ ಒಂದೇ ಸಲ ಬೀಳುತ್ತೆ. ಸಿ.ಟಿ. ಸ್ಕ್ಯಾನಿಗೆ ಕಳಿಸಬೇಕು ಅಂದ್ರೆ ಆಕ್ಸಿಜನ್ ಬಿಡಿಸಿ ಕರ್ಕೊಂಡು ಹೋಗ್ಬೇಕು. ಅಲ್ಲಿ ಸರತಿ ಬೇರೆ. ಇದಾದ್ರೆ ಹಾಸಿಗೆ ಹತ್ರಾನೇ ಬರುತ್ತೆ. ಯಾರಿಗೆ ಎಷ್ಟು ಜೋರಾಗಿದೆ ಅಂತ ಮೊದಲೇ ಗೊತ್ತಾಗುತ್ತೆ."

ಗೊತ್ತಾಗಿ ಏನು ಮಾಡುತ್ತೀರಿ ಎಂದೆ. ಅವರು ದನಿ ತಗ್ಗಿಸಿದರು. ಐಸಿಯುನಲ್ಲಿ ಜೋರಾಗಿ ಆಮ್ಲಜನಕ ಕೊಡುವ ಯಂತ್ರದ ಒಂದು ಹಾಸಿಗೆ ಅವತ್ತು ಬೆಳಿಗ್ಗೆ ಖಾಲಿಯಾಗಿತ್ತು. ಹೇಗೆ ಖಾಲಿಯಾಯಿತು ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಈ ವಾರ್ಡಿನವರಲ್ಲಿ ಯಾರಿಗೆ ಅದು ಹೆಚ್ಚು ಅಗತ್ಯ ಎಂದು ನಂಬರ್ ನೋಡಿ ತೀರ್ಮಾನಿಸಲು ಅವರಿಗೆ ಧೈರ್ಯವಿರಲಿಲ್ಲ.

ಮೊದಲು ಖಾಜಾಬಿಯ ಸರದಿ. ತಣ್ಣನೆಯ ಜೆಲ್ ಎದೆಗೆ ಹಚ್ಚುತ್ತಿದ್ದಂತೆ ಅವಳು ಚೀಟಿಯತ್ತ ಕೈ ಮಾಡಿ, "ಡಾಕ್ಟರ್ ಸಾಬ್, ಗಂಡೋ ಹೆಣ್ಣೋ ಅಂತ ಹೇಳಿಗೀಳೀರಿ ಮತ್ತ, ಜೈಲಿಗೆ ಹಾಕ್ತಾರ!" ಅಂದಳು. ವಾರ್ಡಿಗೆ ವಾರ್ಡೇ ನಕ್ಕಿತು. ಉಸಿರಾಡಲು ಕಷ್ಟಪಡುತ್ತಿದ್ದವರೂ ಮಾಸ್ಕಿನೊಳಗೆ ನಕ್ಕರು. ಅಷ್ಟು ದಿನದಲ್ಲಿ ಅಲ್ಲಿ ಎಲ್ಲರೂ ಕೂಡಿ ನಕ್ಕಿದ್ದು ಅದೊಂದು ಸಲ.

ಡಾಕ್ಟರು ಅವಳ ಎದೆ, ಪಕ್ಕೆ, ಬೆನ್ನು ಎಂದು ಜಾಗ ಬದಲಿಸುತ್ತ ಯಂತ್ರದ ಹಿಡಿಕೆಯನ್ನು ಒತ್ತಿ ನೋಡಿದರು. ಪರದೆಯ ಮೇಲೆ ಏನು ಕಾಣುತ್ತದೆ ಎಂದು ನನಗೂ ತೋರಿಸಿದರು. ಆರೋಗ್ಯವಂತ ಶ್ವಾಸಕೋಶದಲ್ಲಿ ಗಾಳಿ ತುಂಬಿರುತ್ತದೆ, ಅಲ್ಲಿ ಕಪ್ಪಿನ ನಡುವೆ ಅಡ್ಡಡ್ಡ ಗೆರೆಗಳು ಮಾತ್ರ ಕಾಣುತ್ತವೆ. ನೀರು ಸೇರತೊಡಗಿದರೆ ಮೇಲಿನಿಂದ ಕೆಳಕ್ಕೆ ಬಿಳಿ ಪಟ್ಟಿಗಳು ಇಳಿಯುತ್ತವೆ. ಇನ್ನೂ ಕೆಟ್ಟರೆ ಪಟ್ಟಿಗಳು ಒಂದಕ್ಕೊಂದು ಕೂಡಿ ಎಲ್ಲ ಬಿಳಿಯಾಗುತ್ತದೆ. ಜಾಗ ಜಾಗಕ್ಕೆ ಅಂಕ ಕೊಟ್ಟು ಕೂಡಿಸಿದರೆ ರೋಗ ಎಷ್ಟು ಮುಂದುವರಿದಿದೆ ಎಂದು ತಿಳಿಯುತ್ತದೆ. ಅಡ್ಡ ಗೆರೆ ಒಳ್ಳೆಯದು, ಬಿಳಿ ಪಟ್ಟಿ ಕೆಟ್ಟದ್ದು. ಅಷ್ಟು ನನಗೆ ಅರ್ಥವಾಯಿತು. ಖಾಜಾಬಿಯ ಬೆನ್ನಿನ ಕೆಳಭಾಗದಲ್ಲಿ ಬಿಳಿ ಪಟ್ಟಿಗಳು ದಟ್ಟವಾಗಿದ್ದವು. ಡಾಕ್ಟರು ಸಿಸ್ಟರ್ ಮುಖ ನೋಡಿದರು. ಚಹಾ ಕುಡಿದು ತಮಾಷೆ ಮಾಡುತ್ತಿದ್ದ ಹೆಂಗಸು, ಬೆರಳಿನ ಮೇಲೆ ಆಗಲೂ ತೊಂಬತ್ಮೂರು.

ಆಮೇಲೆ ಯಂತ್ರವನ್ನು ಅಕ್ಕನ ಹಾಸಿಗೆಯ ಕಡೆ ತಿರುಗಿಸಿದರು. ಅಕ್ಕ ಸೆರಗನ್ನು ಎಳೆದುಕೊಂಡು ಗೋಡೆಗೆ ಸರಿದು ಕೂತಳು.

"ನನಗ ಬ್ಯಾಡ್ರಿ ಸಾಹೇಬ್ರ."

"ಅಮ್ಮ, ಇದು ಶ್ವಾಸಕೋಶ ನೋಡೋದಕ್ಕೆ. ನೋವಾಗಲ್ಲ, ಸ್ವಲ್ಪ ಹೊತ್ತು ಅಷ್ಟೆ."

"ಆ ಮಷೀನಿಗಿ ಎಷ್ಟ ಮಂದಿ ಹೆಣ್ಮಕ್ಕಳ್ನ ಕರ್ಕೊಂಡ ಬಂದೀನಿ, ನನಗ ಗೊತ್ತದ್ರಿ. ಎಕ್ಸ್‌ರೇ ತಗೀರಿ, ಸೂಜಿ ಚುಚ್ರಿ, ಏನ್ ಬೇಕಾದ್ದು ಮಾಡ್ರಿ. ಇದೊಂದು ಬ್ಯಾಡ."

ಡಾಕ್ಟರು ಸಂಕೋಚ ಇರಬಹುದು ಎಂದುಕೊಂಡು ಪರದೆ ಕಟ್ಟಿಸುತ್ತೇನೆ ಅಂದರು. ಅಕ್ಕನಿಗೆ ಗಾಬರಿ ಇನ್ನೂ ಹೆಚ್ಚಾಯಿತು.

"ಪರದಾ ಕಟ್ಟಿದ್ರ ಇನ್ನಾ ಕೆಟ್ಟರೀ! ಬ್ಯಾಡ ಅಂದ್ನೆಲ್ಲ."

ಹಾಸನದ ಹುಡುಗನಿಗೆ ಇದು ಅರ್ಥವಾಗಲಿಲ್ಲ. ನನಗೆ ಅರ್ಥವಾಯಿತು.

ಗಂಡ ತೀರಿಕೊಂಡ ಕೆಲ ವರ್ಷಗಳ ಮೇಲೆ ಅಕ್ಕ ಆಶಾ ಕೆಲಸಕ್ಕೆ ಸೇರಿದ್ದಳು. ಮೊದಮೊದಲು ಒಮ್ಮೆ ಒಬ್ಬ ಬಸುರಿಯನ್ನು ಸ್ಕ್ಯಾನಿಂಗಿಗೆ ಶಹಾಪುರಕ್ಕೆ ಕರೆತಂದಿದ್ದಳು. ಆ ಹುಡುಗಿ ಒಬ್ಬಳೇ ಒಳಗೆ ಹೋಗಲು ಹೆದರಿದ್ದರಿಂದ ಅಕ್ಕ ಜೊತೆಗೆ ಹೋಗಿ, ಮುಗಿದ ಮೇಲೆ ಸೆರಗು ಸರಿಮಾಡಿಕೊಳ್ಳುತ್ತ ಮೊದಲು ಹೊರಗೆ ಬಂದಳು. ಹೊರಗಿನ ಬೆಂಚಿನಲ್ಲಿ ಊರಿನವರೊಬ್ಬರು ಕೂತಿದ್ದರು. ಸಂಜೆ ಬಸ್ಸಿಳಿಯುವಷ್ಟರಲ್ಲಿ ನೀಲವ್ವ ಸ್ಕ್ಯಾನಿಂಗ್ ಮಾಡಿಸಿಕೊಂಡು ಬಂದಾಳಂತ ಎಂಬ ಮಾತು ಊರು ಸೇರಿತ್ತು. ಗಂಡನಿಲ್ಲದವಳಿಗೆ ಸ್ಕ್ಯಾನಿಂಗ್ ಯಾಕೆ ಎಂದು ಗಂಡನ ಮನೆಯ ಹಿರಿಯರು ಬಂದು ಅಂಗಳದಲ್ಲಿ ವಿಚಾರಣೆ ಮಾಡಿದರು. ಸಣ್ಣ ಮಗಳನ್ನು ಮಡಿಲಲ್ಲಿಟ್ಟುಕೊಂಡು ಅಕ್ಕ ಅಷ್ಟು ಜನರ ಎದುರಿಗೆ ಉತ್ತರ ಕೊಟ್ಟಳು. ಅಂದಿನಿಂದ ಅವಳು ಎಷ್ಟು ಸಲ ಬಸುರಿಯರನ್ನು ಕರೆತಂದರೂ ಸ್ಕ್ಯಾನಿಂಗ್ ಕೋಣೆಯ ಹೊಸ್ತಿಲು ದಾಟಲಿಲ್ಲ. ಹೊರಗಿನ ಬೆಂಚಿನ ಮೇಲೆ, ಎಲ್ಲರಿಗೂ ಕಾಣುವಂತೆ, ಕೂತಿರುತ್ತಿದ್ದಳು.

ಈಗ ವಾರ್ಡಿನಲ್ಲಿ ಅವಳ ಎದುರಿನ ಹಾಸಿಗೆಯಲ್ಲಿ ಇದ್ದವಳು ಅದೇ ಊರಿನ ಹೆಂಗಸು.

ಸಿಸ್ಟರ್ ಸುವರ್ಣಾ ನಮ್ಮ ಕಡೆಯವರೇ. ಅವರು ಅಕ್ಕನ ಕಿವಿಯ ಹತ್ತಿರ ಬಗ್ಗಿ, "ಯಕ್ಕಾ, ಇದು ಎದೀಗಿ. ಹೊಟ್ಟೀಗಿ ಅಲ್ಲ. ಎಲ್ಲಾರೂ ನೋಡಾಕತ್ತಾರ, ಎಲ್ಲಾರಿಗೂ ಗೊತ್ತಾಗತದ" ಎಂದು ಒಲಿಸಿದರು.

"ಇಲ್ಲಿದ್ದೋರಿಗೆ ಗೊತ್ತಾಗತದವ್ವಾ. ಊರಾಗಿದ್ದೋರಿಗೆ ಯಾರ ಹೇಳವರು?"

ಅಕ್ಕ ಬೆರಳನ್ನು ಎತ್ತಿ ಡಾಕ್ಟರಿಗೆ ತೋರಿಸಿದಳು. "ನೋಡ್ರಿ ಸಾಹೇಬ್ರ, ತೊಂಬತ್ಮೂರು ಅದ. ನಿನ್ನಿಗಿಂತ ಒಂದು ಏರ್ಯಾದ. ಈ ಕೆಲಸ ನಾನೂ ಮಾಡೀನಿ."

ಅವಳ ಬದುಕಿನ ಎರಡು ತಿಳಿವಳಿಕೆಗಳು ಸೇರಿ ಅವಳನ್ನು ಕಟ್ಟಿಹಾಕಿದ್ದವು. ನಂಬರನ್ನು ನಂಬಬೇಕು ಎಂದು ಕಲಿಸಿದ್ದರು, ನಂಬಿದಳು. ಆ ಯಂತ್ರದ ಹತ್ತಿರ ಹೋಗಬಾರದು ಎಂದು ಊರು ಕಲಿಸಿತ್ತು, ಹೋಗಲಿಲ್ಲ.

ಡಾಕ್ಟರು ಒತ್ತಾಯ ಮಾಡಲಿಲ್ಲ. ಇನ್ನೂ ಎಷ್ಟೋ ಹಾಸಿಗೆಗಳಿದ್ದವು. "ಸಂಜೆ ಮತ್ತೆ ಬರ್ತೀನಿ. ಅಷ್ಟರಲ್ಲಿ ಒಪ್ಪಿಸಿ ಸರ್" ಎಂದು ನನಗೆ ಹೇಳಿ ಮುಂದೆ ಹೋದರು.

ಮಧ್ಯಾಹ್ನದ ಹೊತ್ತಿಗೆ ಖಾಜಾಬಿಯನ್ನು ಐಸಿಯುಗೆ ಸಾಗಿಸಿದರು. ಸ್ಕ್ಯಾನಿಂಗ್ ಆದವರಲ್ಲಿ ಅವಳ ಶ್ವಾಸಕೋಶವೇ ಎಲ್ಲರದಕ್ಕಿಂತ ಕೆಟ್ಟದಾಗಿತ್ತು. ಹೋಗುವಾಗಲೂ ಅವಳು ಸ್ಟ್ರೆಚರಿನ ಮೇಲಿಂದ, "ಅಕ್ಕಾರ, ನಾ ಮ್ಯಾಲಿನ ಕ್ಲಾಸಿಗೆ ಹೊಂಟೀನ್ರೀ. ನೀವು ಸೀದಾ ಮನಿಗಿ ಹೋಗ್ರಿ" ಎಂದಳು. ಅಕ್ಕ ಕೈಯೆತ್ತಿದಳು.

ನಾನು ಅಕ್ಕನಿಗೆ ಹೇಳಿ ನೋಡಿದೆ. "ಅಕ್ಕಾ, ನಿನಗ ಐವತ್ತು ದಾಟ್ಯಾವ. ಯಾರು ಏನ್ ಅಂತಾರ ಈಗ?"

"ಮಂದಿ ವಯಸ್ಸು ಕೇಳಿ ಮಾತಾಡತಾರೇನು?"

"ಜೀವಕ್ಕಿಂತ ಹೆಚ್ಚೇನಿದು?"

"ನಿನಗ ಹಂಗ ಅನಸತದ. ನೀ ಅವತ್ತ ಅಂಗಳದಾಗ ನಿಂತಿದ್ದಿಲ್ಲ."

ನಾನು ರಟ್ಟು ಎತ್ತಿಕೊಂಡು ಗಾಳಿ ಹಾಕತೊಡಗಿದೆ. ಸ್ವಲ್ಪ ಹೊತ್ತು ಬಿಟ್ಟು ಅವಳೇ ಮೆತ್ತಗಾಗಿ, "ಸಂಜಿಗಿ ನೋಡೋಣು" ಎಂದಳು. ಒಪ್ಪಿದಳು ಎಂದೇ ನಾನು ತಿಳಿದೆ.

ಆದರೆ ಸಂಜೆ ಡಾಕ್ಟರು ಬರುವ ಮೊದಲು ಎದುರಿನ ಹಾಸಿಗೆಯ ಊರಿನ ಹೆಂಗಸು ಮಾಸ್ಕ್ ಸರಿಸಿ ಕೇಳಿದಳು: "ನೀಲವ್ವಾ, ಮುಂಜಾನಿ ನಿನಗ್ಯಾಕ ತಂದಿದ್ರು ಆ ಮಷೀನು?"

ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಅವಳ ಹಾಸಿಗೆಗೂ ಅದು ಬಂದಿತ್ತು. ಆ ಹೊತ್ತಿನಲ್ಲಿ ಅವಳು ಜ್ವರದಲ್ಲಿ ನಿದ್ದೆ ಹೋಗಿದ್ದಳು, ತನಗೆ ಮಾಡಿದ್ದೇ ಅವಳಿಗೆ ನೆನಪಿರಲಿಲ್ಲ. ಇದನ್ನು ನಾನು ಅಕ್ಕನಿಗೆ ಹೇಳಿದೆ. ಅವಳು ಕೇಳಿಸಿಕೊಳ್ಳಲಿಲ್ಲ. ಮುಖ ಗೋಡೆಯ ಕಡೆ ಮಾಡಿ ಮಲಗಿಬಿಟ್ಟಳು. ಡಾಕ್ಟರು ಬಂದಾಗ ಕಣ್ಣು ಮುಚ್ಚಿಕೊಂಡೇ ಕೈಯಾಡಿಸಿ ಬೇಡ ಎಂದಳು. ನಂಬರ್ ತೊಂಬತ್ತೆರಡು ಇತ್ತು. ಡಾಕ್ಟರು ಅದನ್ನು ನೋಡಿ, ಬೋರಲು ಮಲಗಿಸಿ ಎಂದಷ್ಟೇ ಹೇಳಿ ಹೋದರು.

ಮರುದಿನ ಬೆಳಿಗ್ಗೆ ನಾನು ಚಹಾ ತೆಗೆದುಕೊಂಡು ಬಂದಾಗ ಅಕ್ಕ ಎದ್ದು ಕೂತಿದ್ದಳು. ಮಾತು ಸರಿಯಾಗಿತ್ತು. ಸಕ್ಕರೆ ಕಡಿಮೆ ಎಂದು ಬೈದಳು. ಆದರೆ ಬೆರಳಿನ ಮೇಲಿನ ಅಂಕಿ ಎಪ್ಪತ್ತೆಂಟು. ಮಷೀನ್ ಕೆಟ್ಟಿದೆ ಎಂದುಕೊಂಡು ಬೇರೆ ಬೆರಳಿಗೆ ಹಾಕಿದೆ. ಆಮೇಲೆ ನನ್ನ ಬೆರಳಿಗೆ ಹಾಕಿಕೊಂಡೆ. ತೊಂಬತ್ತೆಂಟು ತೋರಿಸಿತು. ಅಕ್ಕ ನನ್ನನ್ನೇ ನೋಡುತ್ತಿದ್ದಳು. ಇದೇ ಪರೀಕ್ಷೆಯನ್ನು ಅವಳು ಎಷ್ಟು ಮನೆಗಳಲ್ಲಿ ಮಾಡಿದ್ದಳೋ.

"ಮಷೀನ್ ಬರೋಬ್ಬರಿ ಅದ ತಮ್ಮಾ. ಡಾಕ್ಟರ್ನ ಕರಿ" ಅಂದಳು.

ಡಾ. ಪ್ರಶಾಂತ ಓಡಿ ಬಂದರು. ಮೂಗಿನ ನಳಿಗೆ ತೆಗೆದು ಮಾಸ್ಕ್ ಹಾಕಿದರು, ಆಮ್ಲಜನಕವನ್ನು ಪೂರ್ತಿ ಏರಿಸಿದರು. ಸಿಸ್ಟರ್ ಯಂತ್ರ ತಂದರು. ಈ ಸಲ ಯಾರೂ ಒಪ್ಪಿಸಬೇಕಾಗಲಿಲ್ಲ. ಅಕ್ಕ ತಾನೇ ಸೆರಗು ಸರಿಸಿ, "ಮಾಡ್ರಿ ಸಾಹೇಬ್ರ. ಪರದಾ ಬ್ಯಾಡ" ಅಂದಳು. ಎದುರಿನ ಹಾಸಿಗೆಯವಳು ನೋಡುತ್ತಿದ್ದಳು. ನೋಡಲಿ ಎಂಬಂತೆ ಅಕ್ಕ ನೇರವಾಗಿ ಕೂತಳು.

ಡಾಕ್ಟರು ಎದೆಯ ಮುಂಭಾಗದಿಂದ ಶುರು ಮಾಡಿದರು. "ಉಸಿರು ಎಳ್ಕೊಳ್ಳಿ ಅಮ್ಮ. ಹಾಂ, ಬಿಡಿ. ಇನ್ನೊಂದು ಸಲ." ಪಕ್ಕೆಗೆ ಬಂದರು. "ಎಳ್ಕೊಳ್ಳಿ." ಬೆನ್ನಿಗೆ ಬಂದರು. ಮಾತು ನಿಂತಿತು. ಹಿಡಿಕೆ ಮಾತ್ರ ಜಾಗ ಬದಲಿಸುತ್ತಿತ್ತು.

ನಾನು ಯಂತ್ರದ ಪರದೆಯನ್ನು ನೋಡುತ್ತಿದ್ದೆ. ಹಿಂದಿನ ದಿನ ಅರ್ಧ ಗಂಟೆಯಲ್ಲಿ ಕಲಿತ ವಿದ್ಯೆ. ಅದನ್ನು ಕಲಿಯದೇ ಇದ್ದಿದ್ದರೆ ಚೆನ್ನಾಗಿತ್ತು. ಅಡ್ಡ ಗೆರೆ ಎಲ್ಲಿಯೂ ಇರಲಿಲ್ಲ. ಪಟ್ಟಿಗಳೂ ಇರಲಿಲ್ಲ. ಒಡೆದ ಹತ್ತಿಯ ಹೊಲದಂತೆ ಉದ್ದಕ್ಕೂ ಬಿಳಿ. ಎಡಕ್ಕೂ, ಬಲಕ್ಕೂ.

ಅಕ್ಕನಿಗೆ ಪರದೆ ಕಾಣುತ್ತಿರಲಿಲ್ಲ. ಅವಳು ನನ್ನ ಕೈ ಹಿಡಿದು ಹೇಳಿದಳು: "ಡಾಕ್ಟರ್ ಸುಮ್ಮ್ನಾದ್ರು."

"ನೋಡಾಕತ್ತಾರಕ್ಕಾ. ನೋಡೂವಾಗ ಮಾತಾಡೂದಿಲ್ಲ."

"ಬೆಂಚಿನ ಮ್ಯಾಲ ಕುಂತು ಎಷ್ಟ ಸಲ ಕೇಳೀನಿ. ಒಳಗ ಡಾಕ್ಟರ್ ಮಾತಾಡಕೋತ ಇದ್ರ ಕೂಸು ಆರಾಮದ. ನಡುವ ಸುಮ್ಮ್ನಾದ್ರ ಹೊರಗಿಂದ ನನಗ ತಿಳೀತಿತ್ತು, ಆ ಹುಡುಗಿಗಿ ಹ್ಯಾಂಗ ಹೇಳ್ಬೇಕು ಅಂತ ಅಲ್ಲೇ ವಿಚಾರ ಮಾಡಕೋತ ಕೂಡ್ತಿದ್ದೆ."

ಡಾ. ಪ್ರಶಾಂತ ಇದನ್ನು ಕೇಳಿಸಿಕೊಂಡರು. ನಮ್ಮ ಭಾಷೆ ಅವರಿಗೆ ಪೂರ್ತಿ ಬರುತ್ತಿರಲಿಲ್ಲ, ಇದು ಮಾತ್ರ ತಿಳಿಯಿತು ಎಂದು ಕಾಣುತ್ತದೆ. ಅವರು ಹಿಡಿಕೆಯನ್ನು ಒರೆಸಿ ಇಟ್ಟು ಫೋನ್ ತೆಗೆದರು.

ಐಸಿಯುನಲ್ಲಿ ಹಾಸಿಗೆ ಇರಲಿಲ್ಲ. ಡಾಕ್ಟರು ಕಲಬುರಗಿಗೆ, ರಾಯಚೂರಿಗೆ ಫೋನ್ ಮಾಡಿದರು. ನಾನೂ ಮಾಡಿದೆ. ವರದಿಗಾರನ ಫೋನಿನಲ್ಲಿ ಯಾರ ನಂಬರ್ ಇರುವುದಿಲ್ಲ ಹೇಳಿ. ಅಧಿಕಾರಿಗಳು, ರಾಜಕಾರಣಿಗಳು, ಅವರ ಹಿಂದೆ ಓಡಾಡುವವರು. ಎಲ್ಲರೂ ಫೋನ್ ಎತ್ತಿದರು, ಎಲ್ಲರೂ ಮರ್ಯಾದೆಯಿಂದ ಮಾತಾಡಿದರು. "ನೋಡ್ತೀನ್ರೀ, ಖರೇನ ನೋಡ್ತೀನಿ" ಎಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಹಾಸಿಗೆ ಎಲ್ಲಿಯೂ ಇರಲಿಲ್ಲ, ಅಷ್ಟೇ. ಅಂಥ ಫೋನುಗಳು ನನಗೂ ಬರುತ್ತಿದ್ದವು. ಆ ತಿಂಗಳು ನಾನೂ ಎಷ್ಟೋ ಜನರಿಗೆ ಅದೇ ಉತ್ತರ ಕೊಟ್ಟಿದ್ದೆ.

ಬೋರಲು ಮಲಗಿದ್ದ ಅಕ್ಕ ಒಮ್ಮೆ ಮುಖ ತಿರುಗಿಸಿ ಖಾಜಾಬಿ ಹೇಗಿದ್ದಾಳೆ ಎಂದು ಕೇಳಿದಳು. ಚೆನ್ನಾಗಿದ್ದಾಳಂತೆ ಎಂದೆ. "ಛಲೋ ಆತು" ಅಂದಳು. ಸ್ವಲ್ಪ ಹೊತ್ತಿನ ಮೇಲೆ, "ಗಂಗಾಗ ಈಗ ಏನೂ ಹೇಳಬ್ಯಾಡ. ಹಸಿ ಬಾಣಂತಿ, ಎದೀಹಾಲು ಬತ್ತತಾವ." ಅದಾದ ಮೇಲೆ ಅವಳಿಗೆ ಮಾತಾಡಲು ಉಸಿರು ಸಾಲಲಿಲ್ಲ.

ಫೋನ್ ಬಂದಾಗ ನಾನು ಗಂಗಾಳಿಗೆ ಉತ್ತರಿಸಲಿಲ್ಲ, ಅವಳ ಗಂಡನಿಗೆ ತಿಳಿಸಿದೆ. ಬಿಸಿಲು ಇನ್ನೂ ಇಳಿದಿರಲಿಲ್ಲ, ಅಕ್ಕ ಹೋದಳು. ಸಿಸ್ಟರ್ ಸುವರ್ಣಾ ಅವಳ ಬೆರಳಿನಿಂದ ಮಷೀನ್ ತೆಗೆದು ಮುಂದಿನ ಹಾಸಿಗೆಯವರ ಬೆರಳಿಗೆ ಸಿಕ್ಕಿಸಿದರು. ಹಾಗೆ ಮಾಡುವಾಗ ಅವರು ಅಳುತ್ತಿದ್ದರು, ಆದರೆ ಕೈ ನಿಲ್ಲಿಸಲಿಲ್ಲ.

ನಮ್ಮಲ್ಲಿ ಸತ್ತವರನ್ನು ಕುಳ್ಳಿರಿಸಿ, ಹಣೆಗೆ ವಿಭೂತಿ ಧರಿಸಿ ಹೂಳುತ್ತಾರೆ. ಅವತ್ತು ಪ್ಲಾಸ್ಟಿಕ್‌ನಲ್ಲಿ ಸುತ್ತಿದ್ದ ಅಕ್ಕನನ್ನು ಜೆಸಿಬಿ ತೋಡಿದ ಕುಣಿಯಲ್ಲಿ ಮಲಗಿಸಿಯೇ ಇಳಿಸಿದರು. ನಾನು ದೂರದಲ್ಲಿ ನಿಂತಿದ್ದೆ. ವಿಭೂತಿಯ ಉಂಡೆ ಜೇಬಿನಲ್ಲೇ ಉಳಿಯಿತು.

ಜಿಲ್ಲಾಡಳಿತದ ಮರುದಿನದ ಪ್ರಕಟಣೆಯಲ್ಲಿ ಅಕ್ಕ ಒಂದು ಸಾಲಾಗಿದ್ದಳು. ಶಹಾಪುರ ತಾಲ್ಲೂಕಿನ ಮಹಿಳೆ, ಉಸಿರಾಟದ ತೊಂದರೆ. ಆ ವರದಿಯನ್ನು ನಾನೇ ಬರೆದು ಕಳಿಸಿದೆ. ಬರೆದದ್ದರಲ್ಲಿ ತಪ್ಪೇನೂ ಇರಲಿಲ್ಲ. ಅವಳು ಯಾಕೆ ಸತ್ತಳು ಎಂಬುದು ಮಾತ್ರ ಅದರಲ್ಲಿ ಇರಲಿಲ್ಲ.

ಕೆಲವು ತಿಂಗಳ ಮೇಲೆ ಡಾ. ಪ್ರಶಾಂತ ತಮ್ಮ ಊರ ಕಡೆಗೆ ವರ್ಗವಾಗಿ ಹೊರಟಿದ್ದರು. ಹೋಗಿ ಭೇಟಿಯಾದೆ. ಯಂತ್ರ ತಂದ ಮೊದಲ ದಿನವೇ ನೋಡಿದ್ದರೆ ಅಕ್ಕ ಉಳಿಯುತ್ತಿದ್ದಳೇ ಎಂದು ಕೇಳಿದೆ.

"ಗೊತ್ತಿಲ್ಲ ಸರ್. ಮೊದಲ ದಿನ ಅವರ ಶ್ವಾಸಕೋಶ ಹೇಗಿತ್ತು ಅಂತ ಯಾರಿಗೂ ಗೊತ್ತಿಲ್ಲ. ಚೆನ್ನಾಗೇ ಇದ್ದು, ಆಮೇಲೆ ಹದಗೆಟ್ಟಿರಬಹುದು. ಖಾಜಾಬಿಗಿಂತ ಕೆಟ್ಟದಾಗಿಯೂ ಇದ್ದಿರಬಹುದು. ಇದ್ದಿದ್ರೆ ಹಾಸಿಗೆ ಅವರಿಗೆ ಹೋಗ್ತಿತ್ತು. ಸಿಕ್ಕಿದ್ರೂ ಉಳೀತಿದ್ರು ಅಂತ ಹೇಳೋಕಾಗಲ್ಲ, ಅಲ್ಲಿಗೆ ಹೋದವರೆಲ್ಲ ವಾಪಸ್ ಬರಲಿಲ್ಲ." ಆಮೇಲೆ ತಮಗೆ ತಾವೇ ಹೇಳಿಕೊಂಡಂತೆ ಅಂದರು: "ನೋಡದೇ ಇದ್ದಿದ್ದಕ್ಕೆ ಅಂಕ ಕೊಡೋದು ಹೇಗೆ?"

ಮುಂದಿನ ವರ್ಷ ಯಾವುದೋ ಸುದ್ದಿಗೆ ಸುರಪುರಕ್ಕೆ ಹೋಗಿದ್ದೆ. ಪೇಟೆಯಲ್ಲಿ, "ಪೇಪರ್ ಅಣ್ಣಾರ! ಇಲ್ಲಿ ನೋಡ್ರಿ!" ಎಂದು ಯಾರೋ ಕೂಗಿದರು. ಖಾಜಾಬಿ. ಏದುಸಿರಿನಿಂದಾಗಿ ಹಳ್ಳಿ ಸುತ್ತುವುದನ್ನು ಬಿಟ್ಟು ರಸ್ತೆ ಬದಿಗೆ ಬಳೆ ಇಟ್ಟುಕೊಂಡು ಕೂತಿದ್ದಳು. ಬಹಳ ಇಳಿದುಹೋಗಿದ್ದಳು. ನಗು ಹಾಗೇ ಇತ್ತು.

"ಕೂಡ್ರಿ, ಚಾ ಹೇಳ್ತೀನಿ. ನೀಲಮ್ಮಕ್ಕಾರು ಹೆಂಗದಾರ್ರಿ? ಮನಿಗಿ ಜಲ್ದಿ ಹೋದ್ರಿಲ್ಲೋ?"

ಐಸಿಯುನಿಂದ ಅವಳನ್ನು ನೇರ ಮನೆಗೆ ಕಳಿಸಿದ್ದರು. ಅಕ್ಕನ ವಿಷಯ ಯಾರೂ ಹೇಳಿರಲಿಲ್ಲ. ನಾನು ಹೇಳಿದೆ. ಏನು ನಡೆಯಿತೋ ಅಷ್ಟನ್ನೇ, ಹೆಚ್ಚಿಲ್ಲ, ಕಡಿಮೆ ಇಲ್ಲ. ಖಾಜಾಬಿ ಕೈಯಲ್ಲಿದ್ದ ಬಳೆಗಳನ್ನು ಒಂದೊಂದಾಗಿ ಕೆಳಗಿಟ್ಟಳು. ಗಿರಾಕಿಯೊಬ್ಬಳು ಬಂದು ಅಳತೆ ಕೇಳಿದಳು. ಅವಳು ತಲೆ ಎತ್ತಲಿಲ್ಲ, ಗಿರಾಕಿ ಮುಂದೆ ಹೋದಳು.

"ಅಣ್ಣಾರ, ಒಂದು ಕೇಳ್ತೀನಿ, ಖರೇ ಹೇಳ್ರಿ. ಆಕಿ ಒಲ್ಲೆ ಅಂದದ್ದಕ್ಕ ನನಗ ಸಿಕ್ತೇನು ಆ ಮ್ಯಾಲಿನ ಬೆಡ್ಡು? ಅದು ಆಕೀದಿತ್ತೇನ್ರೀ?"

"ಇಲ್ಲಮ್ಮಾ. ಅದು ನಿಮ್ದ ಇತ್ತು."

"ಖರೇ?"

"ಖರೇ."

ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡು ಬಹಳ ಹೊತ್ತು ಅತ್ತಳು. ಅಷ್ಟರಲ್ಲಿ ಚಹಾ ಬಂತು. ಇಬ್ಬರೂ ಕುಡಿದೆವು.

ಖಚಿತಪಡಿಸಿಕೊಳ್ಳದೆ ಒಂದು ಮಾತನ್ನೂ ನಾನು ಪತ್ರಿಕೆಗೆ ಬರೆದವನಲ್ಲ. ಅವತ್ತು ಹೇಳಿದ ಮಾತು ಖಚಿತವಲ್ಲ, ಮುಂದೆಂದೂ ಆಗುವುದಿಲ್ಲ. ಹಾಗೆ ಹೇಳಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಖಾಜಾಬಿ ಬದುಕಿರುವುದು ನನಗೆ ಸಂತೋಷವೇ. ಆದರೆ ಅಕ್ಕ ಇರಬೇಕಿತ್ತು ಎಂದು ಎಲ್ಲರಂತೆ ಅಂದುಕೊಳ್ಳುವುದೂ ನನ್ನಿಂದ ಆಗುವುದಿಲ್ಲ. ಅಂದುಕೊಳ್ಳಲು ಹೋದಾಗಲೆಲ್ಲ ಅವತ್ತು ಖಾಲಿಯಿದ್ದ ಆ ಒಂದೇ ಹಾಸಿಗೆ ಕಣ್ಣಮುಂದೆ ಬರುತ್ತದೆ. ಅಕ್ಕನನ್ನು ಅದರ ಮೇಲೆ ಮಲಗಿಸಬೇಕಾದರೆ ಖಾಜಾಬಿಯನ್ನು ಎಬ್ಬಿಸಬೇಕು. ನಾನು ಅಲ್ಲಿಗೇ ನಿಲ್ಲುತ್ತೇನೆ.